ಅಂಚೆ ಡಬ್ಬಿಯೊಳಗಿನ ಮಡಿಕೆ

ನನ್ನ ಗಂಡ ಆರ್ವಲ್ ಪೆನ್ನರ್ ಕಾನ್ಸಸ್‌ನ ಮಣ್ಣುರಸ್ತೆಗಳಲ್ಲಿ ಮೂವತ್ತೊಂದು ವರ್ಷ ಅಂಚೆ ಹಂಚಿದ. ಭಾನುವಾರ ಚರ್ಚು, ಶನಿವಾರ ಹುಲ್ಲುಗಾವಲಿನಲ್ಲಿ ಗೆಳೆಯರ ಜೊತೆ ಆಟದ ರಾಕೆಟ್ಟು ಹಾರಿಸುವುದು. ಬೇರೆ ಚಟ ಇರಲಿಲ್ಲ.

ಎಲ್ಲರೂ ಹಾರಿಸುವ ಉದ್ದ ಕೊಳವೆ ಅವನಿಗೆ ಬೇಡ. ರಟ್ಟಿನಲ್ಲಿ ಇಸ್ತ್ರಿಪೆಟ್ಟಿಗೆ ಮಾಡಿದ. ಹಾಲು ಕರೆಯುವ ಸ್ಟೂಲು ಮಾಡಿದ. ನನ್ನ ಹೊಲಿಗೆ ಮಿಷನ್ ನೋಡಿಕೊಂಡು ಅಂಥದೇ ಒಂದು ಮಾಡಿದ. ಎಲ್ಲ ಹಾರಿದವು. ಬುಡದಲ್ಲಿ ಮದ್ದು ತುಂಬಿದ ಮೋಟಾರು ಇಟ್ಟರೆ ಏನು ಬೇಕಾದರೂ ಹಾರುತ್ತದೆ, ಸ್ಟೂಲು ಯಾರ ತಲೆ ಮೇಲೂ ಬೀಳದೆ ಇಳಿಯಬೇಕಲ್ಲ, ಅದು ಕಷ್ಟ ಅನ್ನುತ್ತಿದ್ದ. ಅಡುಗೆಮನೆಯ ಮೇಜಿನ ಮೇಲೆ ಪ್ಯಾರಾಶೂಟ್ ಮಡಿಸುವುದು, ಕುರ್ಚಿ ಹತ್ತಿ ಕೆಳಗೆ ಬಿಡುವುದು, ಮತ್ತೆ ಮಡಿಸುವುದು. ಮೇಜು ಖಾಲಿಯಾಗುವ ತನಕ ನಾನು ಊಟದ ತಟ್ಟೆ ಹಿಡಿದುಕೊಂಡು ನಿಂತಿರಬೇಕು. ಬೈಯುತ್ತಿದ್ದೆ.

ಕೊನೆಯದು ರಟ್ಟಿನ ಅಂಚೆ ಡಬ್ಬಿ. ಕಂಬದ ಸಮೇತ, ನಮ್ಮ ಮನೆ ಮುಂದೆ ಇರುವಂಥದೇ. ಕಂಬದೊಳಗೆ ಮೋಟಾರು, ಡಬ್ಬಿಯೊಳಗೆ ಪ್ಯಾರಾಶೂಟ್. ಮೇಲೆ ಹೋದಾಗ ಮೋಟಾರಿನ ತುದಿ ಪಟ್ ಅಂತ ಸಿಡಿದು ಡಬ್ಬಿಯ ಬಾಗಿಲು ತೆಗೆಯಬೇಕು, ಪ್ಯಾರಾಶೂಟ್ ಹೊರಗೆ ಬೀಳಬೇಕು. ಅಕ್ಟೋಬರ್‌ನಲ್ಲಿ ಎಲ್ಲ ತಯಾರು ಮಾಡಿದ. ಆ ಶನಿವಾರ ಗಾಳಿ ಜೋರು, ಯಾರೂ ಹಾರಿಸಲಿಲ್ಲ. ನವೆಂಬರ್‌ನಲ್ಲಿ ಎದೆನೋವು ಬಂದು ತೀರಿಕೊಂಡ.

ಡಬ್ಬಿ ಗ್ಯಾರೇಜಿನಲ್ಲಿ ಉಳಿಯಿತು. ಚಳಿಗಾಲ ಪೂರ್ತಿ ದಿನಕ್ಕೊಂದು ಸಲ ಬಾಗಿಲು ತೆಗೆದು ಅವನು ಮಡಿಸಿಟ್ಟಿದ್ದನ್ನು ನೋಡಿದೆ. ಕೈ ಹಾಕಲಿಲ್ಲ.

ಏಪ್ರಿಲ್‌ನಲ್ಲಿ ಅದನ್ನು ಹಾರಿಸಲು ಒಯ್ದೆ. ಹೊಸ ಹುಲ್ಲು ಬರಲೆಂದು ಹುಲ್ಲುಗಾವಲಿಗೆ ಬೆಂಕಿ ಹಾಕಿ ವಾರವಾಗಿತ್ತು, ಎಲ್ಲರ ಬೂಟು ಕಪ್ಪು. ಅಲ್ಲಿ ರಾಕೆಟ್ ಪರೀಕ್ಷೆ ಮಾಡುವವಳು ಮಾರ್ಲಿಸ್ ಉನ್ರು, ಸ್ಕೂಲ್ ಬಸ್ ಓಡಿಸುತ್ತಿದ್ದವಳು, ನನ್ನ ಗೆಳತಿ. ಅವಳು ಒಪ್ಪದೆ ಯಾವುದೂ ಹಾರುವಂತಿಲ್ಲ. ಬಾಗಿಲು ತೆಗೆದು ಪ್ಯಾರಾಶೂಟನ್ನು ಬೆರಳಿಂದ ಒತ್ತಿ ನೋಡಿದಳು. ಯಾವಾಗ ಮಡಿಸಿದ್ದು ಅಂದಳು. ಅಕ್ಟೋಬರ್ ಅಂದೆ.

"ಆಗಲ್ಲ ಕಣೇ ವೆಲ್ಡಾ. ಪ್ಲಾಸ್ಟಿಕ್ಕು ಮಡಿಕೆಗೇ ಅಂಟಿಕೊಂಡಿರುತ್ತೆ, ಬಿಚ್ಚಲ್ಲ. ತೆಗೆದು ಹೊಸದಾಗಿ ಮಡಿಸು."

"ಅದು ಆರ್ವಲ್ ಮಡಿಸಿದ್ದು."

"ಗೊತ್ತು. ಅವನಿದ್ದಿದ್ರೆ ನನಗಿಂತ ಮೊದಲು ಅವನೇ ಕಿತ್ತು ಬಿಸಾಕ್ತಿದ್ದ. ಪರೀಕ್ಷೆ ಅವನ ಕೈಲಿದ್ದಾಗ, ಹಿಂದಿನ ದಿನ ಮಡಿಸ್ಕೊಂಡು ಬಂದೆ ಅಂತ ನನ್ನ ತಟ್ಟೆ ಆಕಾರದ ರಾಕೆಟ್ ವಾಪಸ್ ಕಳಿಸಿದ್ದ, ಗಡವ."

ಬೇಡವಾದರೆ ಹಾಗೇ ಮನೆಗೆ ಒಯ್ಯಿ, ಯಾರೂ ಏನೂ ಅನ್ನಲ್ಲ ಅಂತಲೂ ಹೇಳಿದಳು.

ಪಿಕಪ್ ಗಾಡಿಯ ಹಿಂದೆ ಕುಳಿತೆ. ಒಯ್ದರೆ ಮಡಿಕೆ ಉಳಿಯುತ್ತದೆ, ಡಬ್ಬಿ ಹಾರುವುದಿಲ್ಲ. ಡಬ್ಬಿಯ ಬಾಗಿಲು ತೆಗೆದು ಪ್ಯಾರಾಶೂಟ್ ಹೊರಗೆಳೆದೆ. ಸೋಪಿನ ತುಂಡಿನ ಹಾಗೆ ಗಟ್ಟಿಯಾಗಿ ಕೈಯಲ್ಲೇ ಕುಳಿತಿತ್ತು. ಕೊಡವಿದೆ, ಅರ್ಧ ಮಾತ್ರ ಬಿಚ್ಚಿತು. ಮಾರ್ಲಿಸ್ ಹೇಳಿದ್ದು ನಿಜ. ಇದು ಹಾಗೇ ಹೋಗಿದ್ದರೆ ಕಲ್ಲಿನ ಹಾಗೆ ಬೀಳುತ್ತಿತ್ತು.

ಅಳು ಬಂತು. ಅದರ ಮೇಲೇ ಅತ್ತೆ. ಪೂರ್ತಿ ಬಿಡಿಸಿ, ಒರೆಸಿ, ಪೌಡರ್ ಹಚ್ಚಿದೆ, ಒದ್ದೆ ಇದ್ದರೂ ಅಂಟುತ್ತದೆ. ನಾನು ಯಾವತ್ತೂ ಮಡಿಸಿರಲಿಲ್ಲ, ಆದರೆ ತಟ್ಟೆ ಹಿಡಿದು ನಿಂತು ಎಷ್ಟು ಸಲ ನೋಡಿಲ್ಲ. ಕೈಗೆ ಬಂತು. ಮಾರ್ಲಿಸ್ ಬಾಗಿಲು ತೆಗೆದು ಮುಚ್ಚಿ ನೋಡಿದಳು. ದಿಂಬಿನ ಗವಸು ಮಡಿಸಿದ ಹಾಗಿದೆ, ನಡೆಯುತ್ತೆ ಅಂದಳು.

ಹೊಸ ರಾಕೆಟ್ ಮೊದಲ ಸಲ ಹಾರುವಾಗ ನಮ್ಮಲ್ಲಿ ಎಲ್ಲರೂ ಎದ್ದು ನಿಂತು ಮೇಲೆ ನೋಡಬೇಕು. ಕುರ್ಚಿಗಳೆಲ್ಲ ಖಾಲಿಯಾದವು. ಹಾರಿಸುವ ಗುಂಡಿ ಒತ್ತಿದೆ. ಡಬ್ಬಿ ವಾಲಾಡುತ್ತಾ ಹೋಯಿತು, ಮೇಲೆ ಒಂದು ಕ್ಷಣ ನಿಂತಿತು, ಮಗುಚಿ ನಮ್ಮ ಕಡೆಗೇ ಬಿತ್ತು. ಯಾರೋ ಪಕ್ಕಕ್ಕೆ ಓಡಿದರು. ಆಮೇಲೆ ಪಟ್ ಅಂದಿತು, ಬಾಗಿಲು ತೆರೆದುಕೊಂಡಿತು, ಕಿತ್ತಳೆ ಬಣ್ಣದ ಪ್ಯಾರಾಶೂಟ್ ಪೂರ್ತಿ ಅರಳಿತು.

ಇಪ್ಪತ್ತು ಹೆಜ್ಜೆ ಆಚೆ ಬೂದಿಯಲ್ಲಿ ಇಳಿಯಿತು. ಎತ್ತಿಕೊಂಡೆ. ಏನೂ ಮುರಿದಿರಲಿಲ್ಲ.

ಇನ್ನೊಂದು ಮೋಟಾರು ಇದೆ, ಬೇಕಾ ಅಂದಳು ಮಾರ್ಲಿಸ್. ಕೊಡು ಅಂದೆ. ಮಸಿ ಕೊಡವಿ ಮತ್ತೆ ಮಡಿಸಲು ಕುಳಿತೆ.