ಹಿಂದಿನ ಸೀಟಿನ ಮೇಸ್ತ್ರಿ
ಹಿಂದೆ ಎಷ್ಟೇ ಭಾರ ಬಿದ್ದರೂ ಕಾರನ್ನು ತಾನೇ ಸಮಮಟ್ಟಕ್ಕೆ ಎತ್ತಿ ನಿಲ್ಲಿಸುವ ಹಳೇ ಕಾಲದ ಶಾಕ್ ಅಬ್ಸಾರ್ಬರ್ ಬದಲಿಸುವುದರಲ್ಲಿ ನಮ್ಮ ಗ್ಯಾರೇಜ್ ಮೇಸ್ತ್ರಿಯದು ಎತ್ತಿದ ಕೈ. "ಸದ್ಯಕ್ಕೆ ಒಂದೇ ಸಾಕು, ಇನ್ನೊಂದು ಆಮೇಲೆ ನೋಡೋಣ" ಎಂದವರಿಗೆ, "ಒಂದೇ ಕಾಲಿಗೆ ಚಪ್ಪಲಿ ಹಾಕ್ಕೊಂಡು ಓಡಾಡ್ತೀರಾ? ಜೋಡೀನ ಇವತ್ತೇ ಹಾಕ್ಸಿ" ಎಂದು ಗದರುತ್ತಾರೆ. ಕೆಲಸ ಮುಗಿದರೆ ಕಾರಿನ ಮಾಲೀಕರಿಗೇ ಗುಂಡಿಬಿದ್ದ ರಸ್ತೆಯಲ್ಲಿ ಓಡಿಸಲು ಹೇಳಿ, ತಾವು ಹಿಂದಿನ ಸೀಟಿನಲ್ಲಿ ಕಣ್ಣುಮುಚ್ಚಿ ಮಲಗುತ್ತಾರೆ. "ಮಹಾರಾಜರ ಸವಾರಿ" ಎಂದು ನಾವು ಕೆಲಸದ ಹುಡುಗರು ನಗುತ್ತಿದ್ದೆವು; ಕಾರಣ ತಿಳಿದದ್ದು ಆಮೇಲೆ. ಬೆನ್ನುಮೂಳೆಗೆ ಕ್ಯಾನ್ಸರ್ ಹಬ್ಬಿದ್ದ ಹೆಂಡತಿಯನ್ನು ಅವರು ತಮ್ಮ ಹಳೇ ಕಾರಿನಲ್ಲಿ ಮಲಗಿಸಿಕೊಂಡು ವಾರವಾರ ಆಸ್ಪತ್ರೆಗೆ ಒಯ್ಯುತ್ತಿದ್ದರಂತೆ. ಅದರ ಶಾಕ್ ಪೂರ್ತಿ ಸವೆದು, ಗುಂಡಿ ಸಿಕ್ಕಲ್ಲೆಲ್ಲ ಕಾರು ಎತ್ತಿಹಾಕುತ್ತಿತ್ತು. "ಬಿಡುವಾದಾಗ ಬದಲಾಯಿಸ್ತೀನಿ ಕಣೇ" ಎಂದಾಗಲೆಲ್ಲ ಅವಳು, "ನನಗೇನೂ ಗೊತ್ತಾಗಲ್ಲ ಬಿಡಿ" ಎನ್ನುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಅವರು ಸೀಟಿನ ಮೇಲಿದ್ದ ಅವಳ ಹೊದಿಕೆ ಮಡಚಲು ಹೋದರೆ, ಅದರ ಅಂಚಿನುದ್ದಕ್ಕೂ ಹಲ್ಲಿನ ಗುರುತುಗಳಿದ್ದವು.