ಅಪ್ಪನ ಅಂಗಿ ತಿಂದ ಕೌದಿ

ವಿಡಿಯೊ ತೆಗೆಯುವವರು ಒಂದು ಕಣ್ಣು ಮುಚ್ಚಿಕೊಂಡು, ಕ್ಯಾಸೆಟ್ ಮುಗಿಯುವ ಮುನ್ನ ಮುಖ್ಯವಾದದ್ದು ನಡೆದುಬಿಡಲಿ ಎಂದು ದೇವರಲ್ಲಿ ಬೇಡಿಕೊಳ್ಳುತ್ತಿದ್ದ ದಿನಗಳವು. ಅಪ್ಪನಿಗೆ ತಿರುವನಂತಪುರದಲ್ಲಿ ರಾಕೆಟ್ ಹಾರಿಸುವ ಕೆಲಸ. ಒಂದು ಮಳೆಗಾಲ ಗದಗಿನ ಕಡೆಯಿಂದ ಅಪ್ಪನ ಅವ್ವ, ನಮ್ಮ ಆಯಿ, ಕ್ವಾರ್ಟರ್ಸಿಗೆ ಬಂದಳು. ಬಂದವಳು ನೀರು ಕುಡಿಯುವ ಮೊದಲೇ ಕೇಳಿದ್ದು, "ಹಳೇ ಅರಬಿ ಎಲ್ಲಿಟ್ಟೀರಿ?"

ಆಯಿಗೆ ಹಳೆ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ. ಈ ಊರಲ್ಲಿ ಕೌದಿ ಹೊದೆಯುವಂಥ ಚಳಿಯೇ ಬೀಳುವುದಿಲ್ಲ ಎಂದು ಅಮ್ಮ ಹೇಳಿ ನೋಡಿದಳು.

"ಚಳಿ ಬರ್ಲಿಲ್ಲಂದ್ರ ಹಾಸ್ಕೊಂಡು ಮಲ್ಕೊಳ್ರಿ. ಅದೇನು ಬ್ಯಾಡ ಅಂತತೇನು?"

ನನ್ನ ಫ್ರಾಕು, ಅಮ್ಮನ ಸೀರೆ, ಪಕ್ಕದ ಮನೆಯ ಅಮ್ಮಿಣಿ ಚೇಚಿ ಕೊಟ್ಟ ಮುಂಡು, ಎಲ್ಲ ತುಂಡಾಗಿ ನೆಲಕ್ಕೆ ಬಿದ್ದವು. ಹಾಸಿದ ಬಟ್ಟೆಗಳಿಗೆ ಕೊಬ್ಬರಿ ಎಣ್ಣೆಯ, ಮಳೆಯ ಮುಗ್ಗಲಿನ ವಾಸನೆ. ಅವುಗಳಡಿ ತೂರಿಕೊಂಡು ನಾನು ಕಣ್ಣಾಮುಚ್ಚಾಲೆ ಆಡುತ್ತಿದ್ದೆ. ಆಯಿ ಸೂಜಿ ಚುಚ್ಚಿಯೇ ನನ್ನನ್ನು ಹುಡುಕುತ್ತಿದ್ದಳು.

ಅಪ್ಪ ಎಲ್ಲಿಂದಲೋ ಕ್ಯಾಮೆರಾ ಎರವಲು ತಂದ. "ಊರಾಗ ಈಗ ಯಾರೂ ಹೊಲಿಯೂದಿಲ್ಲ. ಈ ವಿದ್ಯಾ ನಿನ್ನ ಸಂಗಾಟ ಹೋಗಬಾರ್ದವ್ವಾ."

"ನಾ ಈಗ ಎಲ್ಲಿಗೆ ಹೊಂಟೀನೋ?"

ಕ್ಯಾಮೆರಾದ ಕೆಂಪು ದೀಪ ಹೊತ್ತಿದೊಡನೆ ಆಯಿ ತಲೆ ತುಂಬ ಸೆರಗು ಹೊದ್ದು, ಸೂಜಿ ಎತ್ತಿ ಹಿಡಿದು ಕಲ್ಲಾಗಿಬಿಡುತ್ತಿದ್ದಳು.

"ಅವ್ವಾ, ಇದು ಫೋಟೋ ಅಲ್ಲ. ಅಳ್ಳಾಡು!"

"ಅಳ್ಳಾಡಿದ್ರ ಮಾರಿ ಕೆಡ್ತತಿ."

ಅಂತೂ ಕೌದಿ ಕೊನೆಯ ಮೂಲೆಗೆ ಬಂತು. ಆ ಮೂಲೆಯೇ ಕೌದಿಯ ಬಾಯಿ. ಮುಚ್ಚುವ ಮೊದಲು ಒಳಗೆ ಹೋಳಿಗೆಯ ಚೂರು ಇಟ್ಟು ಅದರ ಹೊಟ್ಟೆ ತುಂಬಿಸಬೇಕು. ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದಂತೆ. ಅಮ್ಮಿಣಿ ಚೇಚಿ ಬಾಗಿಲಲ್ಲೇ ಕೂಗಿದಳು, "ಅಯ್ಯೋ ಅಮ್ಮೂಮ್ಮೇ, ಉರುಂಬು ವರುಂ!" ಇರುವೆ ಬರುತ್ತದಂತೆ ಎಂದು ನಾನು ಆಯಿಗೆ ಹೇಳಿದೆ.

"ಬರ್ಲಿ ಬಿಡು. ಇರಬಿಗೂ ಹೊಟ್ಟಿ ಇರ್ತತಿ."

"ಇದೇ ಮುಖ್ಯ ಹೊಲಿಗಿ" ಎಂದು ಅಪ್ಪ ಕ್ಯಾಮೆರಾವನ್ನು ಮೂಲೆಯ ಹತ್ತಿರಕ್ಕೆ ತಂದ. ತಂದವನು ಚೀರಿದ, "ಅವ್ವಾ! ಇದು ನನ್ನ ಅಂಗಿ!"

ನೀಲಿ ಚೌಕಡಿಯ ಆ ಅಂಗಿ ತೊಡದೆ ಅಪ್ಪ ಒಂದು ರಾಕೆಟ್ಟನ್ನೂ ಹಾರಿಸಿದವನಲ್ಲ. ಜಾತಕ ನಂಬದ ಮನುಷ್ಯ, ಆ ಅಂಗಿಯನ್ನು ಮಾತ್ರ ನಂಬಿದ್ದ. ಮರುದಿನ ಬೆಳಿಗ್ಗೆಯೇ ಉಡಾವಣೆ. ಕ್ಯಾಮೆರಾ ಕೈಜಾರಿ ಮಂಚದ ಮೇಲೆ ಬಿತ್ತು.

"ಕಂಕಳಾಗ ಹರದಿತ್ತಲ್ಲೋ!"

"ಹರದಿದ್ರೇನಾತು? ಬಿಚ್ಚಿ ಕೊಡು!"

"ಉಂಡ ಕೌದಿ ಬಿಚ್ಚಬಾರ್ದು. ಬೇಕಂದ್ರ ಕೌದಿ ಸಮೇತ ಒಯ್ಯಿ."

ಒಯ್ದ. ದೊಡ್ಡ ಚೀಲದಲ್ಲಿ ತುರುಕಿಕೊಂಡು ಹೋಗಿ, ಉಡಾವಣಾ ಕೇಂದ್ರದ ಎ.ಸಿ. ಹಾಕಿದ ಕೋಣೆಯಲ್ಲಿ ತೊಡೆಯ ಮೇಲೆ ಹರವಿಕೊಂಡು ಕೂತ. ತಿರುವನಂತಪುರದಲ್ಲಿ ಕೌದಿಗೆ ತಕ್ಕ ಚಳಿ ಇದ್ದದ್ದು ಅಲ್ಲೊಂದೇ. ರಾಕೆಟ್ ಏರಿತು. ಪಕ್ಕದಲ್ಲಿದ್ದ ಹಿರಿಯ ಅಧಿಕಾರಿ ಅದೇ ಗಳಿಗೆಗೆ ಛಂಗನೆ ಜಿಗಿದದ್ದು ಸಂತೋಷಕ್ಕೋ ಇರುವೆಗೋ, ಅಪ್ಪನಿಗೆ ಕೊನೆಗೂ ಗೊತ್ತಾಗಲಿಲ್ಲ. ಮುಂದಿನ ಉಡಾವಣೆಯ ಹಿಂದಿನ ದಿನ ಅದೇ ಅಧಿಕಾರಿ ಮನೆಗೆ ಫೋನ್ ಮಾಡಿ, "ಆ ಹೊದಿಕೆ ಮರೀಬೇಡಿ" ಎಂದು ನೆನಪಿಸಿದರು.

ಈಗ ಆಯಿ ಇಲ್ಲ. ಅಪ್ಪನೂ ಇಲ್ಲ. ರಾಕೆಟ್ ನೋಡಿ ನೋಡಿ ಹಣ್ಣಾದ ಆ ಕೌದಿ ತೊಳೆದಾಗಲೆಲ್ಲ ಹರಿಯುತ್ತ ಬಂತು. ಹೊಸದೊಂದು ನಾನೇ ಹೊಲಿಯೋಣವೆಂದು ಹಳೆಯ ಕ್ಯಾಸೆಟ್ಟನ್ನು ಎರ್ನಾಕುಲಂನ ಅಂಗಡಿಯೊಂದರಲ್ಲಿ ಕಂಪ್ಯೂಟರಿಗೆ ಇಳಿಸಿಕೊಂಡೆ. ಅಲ್ಲೇ ಕಲೂರಿನ ನಮ್ಮ ಫ್ಲ್ಯಾಟಿನಲ್ಲಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನೋಡುತ್ತ, ನಿಲ್ಲಿಸುತ್ತ, ಆಯಿ ಮಾಡಿದಂತೆಯೇ ಹೊಲಿಯುತ್ತ ಕೌದಿಯ ಬಾಯಿಯವರೆಗೂ ಬಂದೆ.

ಅಲ್ಲಿ ಅಪ್ಪ ಚೀರಿದ. ಪರದೆ ಗರ್ರನೆ ತಿರುಗಿತು. ಆಮೇಲೆ ಕಂಡದ್ದು ಕ್ವಾರ್ಟರ್ಸಿನ ಫ್ಯಾನು. ಕ್ಯಾಸೆಟ್ ಮುಗಿಯುವವರೆಗೂ ಫ್ಯಾನೇ. ಅದರ ಕೆಳಗೆಲ್ಲೋ ಜಗಳ, ಅಮ್ಮನ ನಗು, ಕಡೆಗೆ ಆಯಿಯ ದನಿ: "ಸಿಟ್ಟು ಸಾಕು, ಇಲ್ಲಿ ನೋಡು. ಬಾಯಿ ಮುಚ್ಚಬೇಕಂದ್ರ ಹಿಂಗ ಮಡಚಬೇಕು. ಹಿಂಗ. ತಿಳೀತಿಲ್ಲೋ?"

"ಎಂಗನೆ, ಅಮ್ಮೇ?" ಮಗಳು ಕೇಳಿದಳು. ಹೆಂಗೆ?

ಫ್ಯಾನು ತಿರುಗುತ್ತಲೇ ಇತ್ತು.

ಹೋಳಿಗೆಯ ಚೂರು ಇಟ್ಟಿದ್ದೇನೆ. ನನ್ನ ಕೌದಿ ಇನ್ನೂ ಬಾಯಿ ತೆರೆದುಕೊಂಡೇ ಕೂತಿದೆ. ಇರುವೆಗಳಿಗೆ ಮಾತ್ರ ಹೋಗಿಬರಲು ಬಹಳ ಅನುಕೂಲವಾಗಿದೆ.