ತಪ್ಪನ್ನೂ ತೆರೆದಿಟ್ಟ ಚಾಚಾ

ಹೋದ ವಾರ ಮಾಸೂರಿನಲ್ಲಿ ಒಂದು ಮನೆಯ ಕೆಲಸ ನೋಡಲು ಹೋಗಿದ್ದೆ. ಅಂಗಳದಲ್ಲಿ ಹಸಿ ಕೆಮ್ಮಣ್ಣಿನ ವಾಸನೆ, ಅದರೊಳಗೆ ಮಷಿನ್ ಎಣ್ಣೆಯ ಘಾಟು... ಅಲ್ಲೇ ನಿಂತುಬಿಟ್ಟೆ. ಅದು ನಮ್ಮ ಚಾಚಾರ ಅಂಗಡಿಯ ವಾಸನೆ.

ಸವಣೂರಿನಲ್ಲಿ ನಮ್ಮ ಮನೆಯ ಎದುರಿಗೇ ಅವರ ವೆಲ್ಡಿಂಗ್ ಅಂಗಡಿ. ಮಣ್ಣಿಗೆ ಒಂದಿಷ್ಟು ಸಿಮೆಂಟು ಬೆರೆಸಿ, ಹಿಡಿಕೆ ಒತ್ತಿ ಇಟ್ಟಂಗಿ ತೆಗೆಯುವ ಕೈಮಷಿನ್ನೊಂದನ್ನು ಅವರೇ ಕಟ್ಟಿದ್ದರು. ಸುಡಲು ಭಟ್ಟಿ ಬೇಡ, ತರಲು ಲಾರಿ ಬೇಡ. ಪಾಯ ತೋಡಿದ ಮಣ್ಣೇ ಗೋಡೆಯಾಗುತ್ತಿತ್ತು. ಒಂದು ದಿನ ಬಂಕಾಪುರದ ಇನ್ನೊಬ್ಬ ವೆಲ್ಡರ್ ಟೇಪು ಹಿಡಿದು ಬಂದು ಅದರ ಅಳತೆ ತೆಗೆಯತೊಡಗಿದ. ನನಗೆ ಮೈಯೆಲ್ಲ ಉರಿಯಿತು. ಚಾಚಾ ನೋಡಿದರೆ ಟೇಪಿನ ಇನ್ನೊಂದು ತುದಿ ಹಿಡಿದು ನಿಂತಿದ್ದಾರೆ!

ನಾನು ಮನೆಗಳ ನಕ್ಷೆ ಹಾಕುವವಳು. ಮಷಿನ್ನಿನ ನಕ್ಷೆಯನ್ನು ಇಂಟರ್ನೆಟ್ಟಿಗೆ ಹಾಕಿದರೆ ಯಾರು ಬೇಕಾದರೂ ನೋಡಬಹುದು, ಮಾಡಿಕೊಳ್ಳಬಹುದು, ತಿದ್ದಲೂಬಹುದು ಎಂದೆ. ಖುಷಿಯಿಂದ ಒಪ್ಪಿದರು. ಅವರು ಗೀಚಿಕೊಟ್ಟ ಚಿತ್ರದಲ್ಲಿ, ಮಣ್ಣು ತುಂಬುವ ಅಚ್ಚಿನ ಪೆಟ್ಟಿಗೆ ಮೇಲಕ್ಕೆ ಹೋಗುತ್ತ ತುಸು ಅಗಲವಾಗಿತ್ತು. ವಯಸ್ಸಾದ ಕೈ, ನಡುಗಿದೆ ಎಂದುಕೊಂಡು ಕಂಪ್ಯೂಟರಿನಲ್ಲಿ ನೆಟ್ಟಗೆ ಎಳೆದೆ. ಎಂಥ ಜಾಣೆ ನಾನು!

ಹಿರೇಬೆಂಡಿಗೇರಿಯ ಒಬ್ಬ ಹೆಣ್ಣುಮಗಳು ಆ ನಕ್ಷೆ ನಂಬಿ ಮಷಿನ್ ಮಾಡಿಸಿದಳು. ಮಳೆ ಹಿಡಿಯುವುದರೊಳಗೆ ಅವಳ ಮನೆಯ ಗೋಡೆ ಏಳಬೇಕಿತ್ತು. ಇಟ್ಟಂಗಿ ಪೆಟ್ಟಿಗೆಗೆ ಕಚ್ಚಿಕೊಂಡು, ಎತ್ತಿದರೆ ಮೂಲೆ ಮುರಿದೇ ಬರುತ್ತಿತ್ತು. ಫೋನಿನಲ್ಲಿ ಅವಳ ಮಾತು ಕೇಳಿ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಚಾಚಾ ಬೈಯಲಿಲ್ಲ. ಗ್ರೈಂಡರ್ ಚೀಲಕ್ಕೆ ಹಾಕಿಕೊಂಡು ಸಿಕ್ಕ ಬಸ್ಸು ಹತ್ತಿದರು, ಅವರ ಹಿಂದೆ ನಾನು. ಪೆಟ್ಟಿಗೆಯ ಒಳಮೈ ಸವೆಸಿ, ಮೇಲೆ ಬಾಯಿಯ ಕಡೆ ಎರಡು ಕಾಗದದ ದಪ್ಪದಷ್ಟು ಅಗಲ ಮಾಡಿದರು, ಮೊದಲು ಗೀಚಿಕೊಟ್ಟಿದ್ದ ಹಾಗೆಯೇ. ಮುಂದಿನ ಇಟ್ಟಂಗಿ ಮುಕ್ಕಾಗದೆ ಎದ್ದು ಬಂತು. ಅದನ್ನು ಎರಡೂ ಕೈಯಲ್ಲಿ ಹಿಡಿದು ಆ ಹೆಣ್ಣುಮಗಳು ಅತ್ತೇಬಿಟ್ಟಳು.

ವಾಪಸು ಬರುವಾಗ ಬಸ್ಸಿನಲ್ಲಿ, "ನಕ್ಷಾ ಸುಮ್ಮನ ತಿದ್ದಿಬಿಡ್ತೇನಿ ಚಾಚಾ, ಯಾರಿಗೂ ಗೊತ್ತಾಗಂಗಿಲ್ಲ," ಎಂದೆ.

"ಬ್ಯಾಡ ಬೇಟಿ. ಸರಿ ಅಳತಿ ಅಷ್ಟ ಕೊಟ್ರ ಅರ್ಧಾನ ಕೊಟ್ಟಂಗಾತು. ಎಲ್ಲಿ ತಪ್ಪಿದ್ವಿ, ಅದನ್ನೂ ಬರಿ. ಮೊದಲನೇ ಹಾಳಿಗೇ ಬರಿ."

ಬರೆದೆ. ನಾಚಿಕೆಯಿಂದಲೇ ಬರೆದೆ. ಅವರಿರುವವರೆಗೆ ಆ ಹಾಳೆಯಲ್ಲಿ ಎಂಟು ತಪ್ಪುಗಳು ಸೇರಿದವು, ಅದರಲ್ಲಿ ಐದು ಅವರವೇ. ತಮ್ಮ ಹೆಸರು ಮಾತ್ರ ಎಲ್ಲೂ ಹಾಕಗೊಡಲಿಲ್ಲ. ಅವರು ಹೋಗಿ ಎರಡು ವರ್ಷವಾಯಿತು...

ಮಾಸೂರಿನ ಆ ಅಂಗಳದಲ್ಲೂ ಅಂಥದೇ ಮಷಿನ್ ನಿಂತಿತ್ತು. ಅದಕ್ಕೆ ಪ್ಲಾಸ್ಟಿಕ್ ಹೊದಿಸಿದ ಹಾಳೆಯೊಂದನ್ನು ಕಟ್ಟಿದ್ದರು. ಹತ್ತಿರ ಹೋಗಿ ನೋಡಿದೆ. ನಮ್ಮ ಎಂಟು ತಪ್ಪುಗಳು! ಹೆಮ್ಮೆಯಿಂದ ಎದೆ ಉಬ್ಬಿತು. ಕೆಳಗೆ ಪೆನ್ನಿನಲ್ಲಿ ಒಂಬತ್ತನೆಯದೂ ಇತ್ತು: ಹಿಡಿಕೆ ಗಿಡ್ಡವಾದರೆ ಹೆಂಗಸರ ತೂಕಕ್ಕೆ ಪೂರಾ ಒತ್ತುವುದಿಲ್ಲ, ಒಂದು ಗೇಣು ಉದ್ದ ಮಾಡಿಸಿ.

ನಾನು ಯಾರೆಂದು ಮನೆಯೊಡತಿಗೆ ಗೊತ್ತಿರಲಿಲ್ಲ. "ಅದು ನಾ ಮಾಡಿದ ತಪ್ಪರಿ," ಎಂದಳು, "ಮುಂದ ಮಾಡೋರಿಗೆ ಗೊತ್ತಾಗ್ಲಿ ಅಂತ ಬರದೇನಿ."

ಮನೆಗೆ ಬಂದವಳೇ ಅದನ್ನೂ ನಕ್ಷೆಗೆ ಸೇರಿಸಿದೆ. ಚಾಚಾರಿಗೆ ಓದಿ ಹೇಳೋಣವೆಂದು ಎದುರಿನ ಅಂಗಡಿಗೆ ಹೊರಟು, ಹೊಸ್ತಿಲಲ್ಲೇ ನಿಂತೆ.